ಬೀಗ ಹಾಕಿದ ಕ್ಯಾಬಿನ್‌ನಲ್ಲಿ ಮುಗ್ಗಲು ವಾಸನೆ, ಫ್ಯಾನ್ ಹಾಕಿದ ಮೇಲೆ ಇನ್ನೂ ಜಾಸ್ತಿ!

ಬೀಗದಕೈ:

ಎಲ್ಲರಿಗೂ ನಮಸ್ಕಾರ. ನನ್ನದೊಂದು ಚಿಕ್ಕ ಮರದ ಕ್ಯಾಬಿನ್ ಇದೆ. 12 ಅಡಿ ಅಗಲ, 16 ಅಡಿ ಉದ್ದ, ಮೇಲೆ ತಗಡಿನ ಮಾಡು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲುಕಂಬಗಳ ಮೇಲೆ ನಿಲ್ಲಿಸಿದ್ದು. ಕರೆಂಟ್ ಲೈನ್ ಇಲ್ಲ. ಒಂದು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ, ಎರಡು ಬಲ್ಬು, ಅಷ್ಟೇ ಸಂಸಾರ. ಏಳೆಂಟು ವಾರಕ್ಕೊಮ್ಮೆ ಹೋಗಿ ಎರಡು ರಾತ್ರಿ ಇದ್ದು ಬರುತ್ತೇನೆ. ಉಳಿದ ದಿನವೆಲ್ಲ ಬೀಗ.

ತೊಂದರೆ ವಾಸನೆಯದ್ದು. ಬಾಗಿಲು ತೆಗೆದ ಕೂಡಲೇ ಯಾರೋ ಒದ್ದೆ ಗೋಣಿಚೀಲವನ್ನು ಮೂಗಿಗೆ ಒತ್ತಿದ ಹಾಗಾಗುತ್ತದೆ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಚರ್ಮದ ಬೆಲ್ಟಿನ ಮೇಲೆ ಬೂಷ್ಟು ಎಷ್ಟು ನೀಟಾಗಿ ಬೆಳೆದಿತ್ತು ಅಂದರೆ, ಮೊದಲು ಯಾರದೋ ವೆಲ್ವೆಟ್ ಬೆಲ್ಟ್ ಅಂದುಕೊಂಡೆ.

ಸುಮ್ನೆ ಕೂತಿಲ್ಲ. ಮೂಲೆಗೊಂದು ಇದ್ದಿಲಿನ ಚೀಲ ಇಟ್ಟೆ, ಏನೂ ಆಗಲಿಲ್ಲ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ನಾಲ್ಕು ಇಟ್ಟೆ. ಮುಂದಿನ ಸಲ ಹೋದಾಗ ನಾಲ್ಕೂ ನೀರು ತುಂಬಿ ಕೂತಿದ್ದವು. ಅದರಲ್ಲೊಂದು ಉರುಳಿ, ಆ ಉಪ್ಪುನೀರು ಹರಿದು ಸ್ಟೌವಿನ ಕಾಲುಗಳು ತುಕ್ಕು ಹಿಡಿದಿವೆ.

ಕೊನೆಗೆ ಫ್ಯಾನ್. 12 ವೋಲ್ಟಿನ, 120 ಮಿಲಿಮೀಟರ್ ಅಳತೆಯ ಕಂಪ್ಯೂಟರ್ ಫ್ಯಾನನ್ನು ಗೋಡೆಯ ಮೇಲ್ತುದಿಯಲ್ಲಿ ತೂತು ಕೊರೆದು ಕೂರಿಸಿದೆ. ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಬ್ಯಾಟರಿಗೆ ಜೋಡಿಸಿ ಹಗಲೂ ರಾತ್ರಿ ಓಡಲು ಬಿಟ್ಟು ಬಂದೆ. ಈಗ ಮುಗ್ಗಲಿನ ಜೊತೆ ಹಸಿಮಣ್ಣಿನ ವಾಸನೆಯೂ ಸೇರಿದೆ. ಹಾಸಿಗೆ ಮೇಲೆ ಸಾಲಾಗಿ ಹನಿ ಬಿದ್ದ ಕಲೆಗಳಿವೆ. ಮಾಡು ಸೋರುತ್ತಿಲ್ಲ, ಮೇಲೆ ಹತ್ತಿ ನೀರು ಸುರಿದು ನೋಡಿದ್ದೇನೆ.

ಎಲ್ಲಿ ತಪ್ಪುತ್ತಿದ್ದೇನೆ ಹೇಳಿ. ಇನ್ನೂ ದೊಡ್ಡ ಫ್ಯಾನ್ ಬೇಕಾ?

---

ತೆರೆದಕಿಟಕಿ:

ಇಷ್ಟೆಲ್ಲ ಯಾಕೆ? ಎದುರುಬದುರು ಎರಡು ಕಿಟಕಿ ತೆರೆದಿಟ್ಟು ಬನ್ನಿ. ಗಾಳಿ ತಾನೇ ಆಡುತ್ತದೆ.

---

ಬೀಗದಕೈ:

ಒಮ್ಮೆ ಅದೂ ಆಯಿತು. ಮಳೆ ಒಳಗೆ ಹೊಡೆದು ನೆಲದ ಹಲಗೆ ಉಬ್ಬಿತು. ಇಲಿಗಳು ದಿಂಬಿನೊಳಗೆ ಬಾಣಂತನ ಮಾಡಿಕೊಂಡಿದ್ದವು.

---

ಹಳೇಬಡಗಿ:

ದೊಡ್ಡ ಫ್ಯಾನ್ ಬೇಡ. ಮೊದಲು ಒಂದು ಪ್ರಶ್ನೆ. ಕ್ಯಾಬಿನ್ ಅಡಿ ಖಾಲಿ ಇದೆಯೋ, ಸುತ್ತ ಮುಚ್ಚಿದ್ದೀರೋ?

---

ಬೀಗದಕೈ:

ಮುಚ್ಚಿದ್ದೇನೆ. ಇಲಿ ಕಾಟಕ್ಕೆ ಸುತ್ತಲೂ ಹಲಗೆ ಹೊಡೆಸಿದೆ. ಅಡಿಯಲ್ಲಿ ಬರೀ ಮಣ್ಣು.

---

ಹಳೇಬಡಗಿ:

ಹಾಗಾದರೆ ನಿಮ್ಮ ಫ್ಯಾನ್ ಆ ಮಣ್ಣಿನ ಗಾಳಿಯನ್ನೇ ಎಳೆದು ನಿಮ್ಮ ಹಾಸಿಗೆಗೆ ಬಡಿಸುತ್ತಿದೆ.

ಫ್ಯಾನ್ ಒಂದು ಬಕೆಟ್ ಗಾಳಿ ಹೊರಗೆ ಹಾಕಿದರೆ ಇನ್ನೆಲ್ಲಿಂದಲೋ ಒಂದು ಬಕೆಟ್ ಒಳಗೆ ಬರಲೇಬೇಕು, ಅಲ್ವಾ? ಕಿಟಕಿ, ಬಾಗಿಲು ಬಿಗಿಯಾಗಿವೆ. ಸಂದು ಇರುವುದು ನೆಲದ ಹಲಗೆಗಳ ನಡುವೆ. ಒಂದು ಊದುಬತ್ತಿ ಹಚ್ಚಿ, ಫ್ಯಾನ್ ಓಡುವಾಗ ಆ ಸಂದಿನ ಹತ್ತಿರ ಹಿಡಿಯಿರಿ. ಹೊಗೆ ನೆಟ್ಟಗೆ ಏರುವ ಬದಲು ಕೆಳಗಿನಿಂದ ಯಾರೋ ಊದಿದ ಹಾಗೆ ಚೆದುರಿದರೆ ಸಂಶಯವೇ ಬೇಡ.

ನಾನೂ ಇದೇ ತಪ್ಪು ಮಾಡಿದವನು. ಎರಡು ವರ್ಷ ಗೋಡೆಯನ್ನು ಬೈದೆ, ಮರ ಕೊಟ್ಟವನನ್ನೂ ಬೈದೆ. ಒಂದು ದಿನ ಹಲಗೆ ಎತ್ತಿ ತಲೆ ಬಗ್ಗಿಸಿ ನೋಡಿದರೆ ಜಂತೆಗಳ ಅಡಿಭಾಗದಲ್ಲಿ ನೀರಿನ ಹನಿಗಳು ಸಾಲುಗಟ್ಟಿದ್ದವು. ಬೆರಳಿಟ್ಟರೆ ಮಣಿಕಟ್ಟಿನವರೆಗೆ ಇಳಿದವು. ಮೇಲಿಂದ ನೋಡಿದರೆ ಮಣ್ಣು ಒಣಗಿದ ಹಾಗೇ ಕಾಣುತ್ತಿತ್ತು.

ಮೊದಲ ಕೆಲಸ: ಅಡಿಯ ಮಣ್ಣಿನ ಮೇಲೆ ದಪ್ಪ ಪಾಲಿಥಿನ್ ಶೀಟ್ ಹಾಸಿ. ಕಾಲು ಮಿಲಿಮೀಟರ್ ದಪ್ಪದ್ದು ಸಿಕ್ಕರೆ ಒಳ್ಳೆಯದು, ತೆಳುವಾದದ್ದು ಕಲ್ಲಿಗೆ ಹರಿಯುತ್ತದೆ. ಜೋಡಣೆಗಳಲ್ಲಿ ಒಂದಡಿ ಮೇಲೊಂದು ಬರಲಿ. ಅಂಚಿಗೆ ಕಲ್ಲಿಡಿ. ಸುತ್ತಲಿನ ಹಲಗೆಯಲ್ಲಿ ನಾಲ್ಕೂ ಕಡೆ ಕಿಂಡಿ ಬಿಟ್ಟು ತಂತಿ ಜಾಲರಿ ಹೊಡೆಯಿರಿ. ಜಾಲರಿಯ ಕಣ್ಣು 6 ಮಿಲಿಮೀಟರಿಗಿಂತ ದೊಡ್ಡದಿರಬಾರದು. ಪೆನ್ಸಿಲ್ ತೂರುವಷ್ಟು ಜಾಗ ಸಿಕ್ಕರೆ ಚಿಟ್ಟಿಲಿ ಸಲೀಸಾಗಿ ನುಗ್ಗುತ್ತದೆ.

ಎರಡನೆಯದು: ಫ್ಯಾನನ್ನು ತಿರುಗಿಸಿ. ಹೊರಗಿನ ಗಾಳಿಯನ್ನು ಒಳಗೆ ನೂಕಲಿ. ಆಗ ಒಳಗೆ ಒತ್ತಡ ತುಸು ಜಾಸ್ತಿಯಾಗಿ ನೆಲದ ಸಂದುಗಳಲ್ಲಿ ಗಾಳಿ ಕೆಳಗೆ ಹೋಗುತ್ತದೆ, ಮೇಲೆ ಬರುವುದಿಲ್ಲ. ಎದುರು ಗೋಡೆಯಲ್ಲಿ ಹೊರಹೋಗಲು ಒಂದು ಕಿಂಡಿ ಇರಲಿ. ಸೊಳ್ಳೆ ಜಾಲರಿ ಹಾಕುವುದಾದರೆ ಕಿಂಡಿಯನ್ನು ಎರಡು ಪಟ್ಟು ದೊಡ್ಡದು ಮಾಡಿ. ಜಾಲರಿ ಗಾಳಿಯನ್ನು ಬಹಳ ತಡೆಯುತ್ತದೆ, ಧೂಳು ಕೂತ ಮೇಲೆ ಇನ್ನಷ್ಟು.

---

ತೇವಮಾಪಕ:

ಬಡಗಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಫ್ಯಾನನ್ನು ರಾತ್ರಿ ಓಡಿಸಬೇಡಿ. ನಿಮ್ಮ ಹಾಸಿಗೆ ಮೇಲಿನ ಹನಿಗೆ ಅದೂ ಕಾರಣ.

ತಗಡು ರಾತ್ರಿ ಆಕಾಶದ ಕಡೆ ಶಾಖ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗಿನ ಜಾವ ಕಾರಿನ ಮೇಲೆ ಇಬ್ಬನಿ ಕೂರುವುದು ಹೀಗೇ. ನೀವು ರಾತ್ರಿಯಿಡೀ ತೇವದ ಗಾಳಿಯನ್ನು ಆ ತಗಡಿನ ಒಳಮೈಗೆ ಒಯ್ಯುತ್ತಿದ್ದೀರಿ. ಅದು ಅಲ್ಲಿ ನೀರಾಗಿ ತೊಟ್ಟಿಕ್ಕುತ್ತದೆ. ತಗಡಿನ ಇಳಿಜಾರಿಗೆ ಸರಿಯಾಗಿ ಹನಿ ಸಾಲಾಗಿ ಬಿದ್ದಿರಬೇಕು.

ಬ್ಯಾಟರಿ ಬಿಟ್ಟು 10 ವ್ಯಾಟಿನ ಚಿಕ್ಕ ಪ್ಯಾನೆಲ್‌ಗೆ ಫ್ಯಾನ್ ಜೋಡಿಸಿ. ಬಿಸಿಲು ಬಂದಾಗ ಓಡುತ್ತದೆ, ಸಂಜೆ ನಿಲ್ಲುತ್ತದೆ. ಹೊರಗಿನ ಗಾಳಿ ಒಣಗಿರುವುದೂ ಆ ಹೊತ್ತಲ್ಲೇ. ಸ್ವಿಚ್ಚು, ಟೈಮರು ಏನೂ ಬೇಡ. ಒಂದೇ ಎಚ್ಚರಿಕೆ, 12 ವೋಲ್ಟ್ ಅಂತ ಮಾರುವ ಪ್ಯಾನೆಲ್ ಬಿಸಿಲಿನಲ್ಲಿ ಹೊರೆ ಕಮ್ಮಿಯಿದ್ದರೆ 20 ವೋಲ್ಟಿನ ಹತ್ತಿರ ಕೊಡುತ್ತದೆ. ನನ್ನ ಮೊದಲ ಫ್ಯಾನ್ ಒಂದು ವಾರ ಜೋರಾಗಿ ಹಾಡಿ ಸತ್ತಿತು. ನಡುವೆ ವೋಲ್ಟೇಜ್ ಇಳಿಸುವ ಚಿಕ್ಕ ಬೋರ್ಡ್ ಹಾಕಿ.

ಗಾಳಿ ಸಾಲದೇನೋ ಅನ್ನುವ ಭಯ ಬೇಡ. ನಿಮ್ಮ ಕ್ಯಾಬಿನ್‌ನಲ್ಲಿ ಹೆಚ್ಚೆಂದರೆ 45 ಘನ ಮೀಟರ್ ಗಾಳಿ ಇದ್ದೀತು. ಅಂಥ ಫ್ಯಾನ್ ಗಂಟೆಗೆ 100 ಘನ ಮೀಟರ್ ನೂಕುತ್ತದೆ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಜಾಲರಿ, ತಿರುವು ಎಲ್ಲ ಕಳೆದು ಅರ್ಧ ಹಿಡಿದರೂ ಗಂಟೆಗೊಮ್ಮೆ ಇಡೀ ಕೋಣೆಯ ಗಾಳಿ ಬದಲಾಗುತ್ತದೆ.

ಗಾಳಿಯಲ್ಲಿ ತೇವ ಶೇಕಡಾ ಎಷ್ಟಿದೆ ಅಂತ ತೋರಿಸುವ ಒಂದು ಮೀಟರ್ ತಗೊಳ್ಳಿ. ಅಗ್ಗದವು ಸುಳ್ಳು ಹೇಳುತ್ತವೆ, ಹಾಗಾಗಿ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಕೆಸರಾಗುವಷ್ಟು ನೀರು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬದಲ್ಲಿ ಒಂದು ದಿನ ಇಡಿ. 75 ತೋರಿಸಬೇಕು. ನನ್ನದು 69 ತೋರಿಸಿತು, ಅಂದಿನಿಂದ 6 ಕೂಡಿಸಿ ಓದುತ್ತೇನೆ. ಕೋಣೆಯ ನಡುವೆ ಮಾತ್ರ ಇಡಬೇಡಿ, ಬೀರುವಿನ ಹಿಂದೆಯೂ ಇಟ್ಟು ನೋಡಿ. ನನ್ನಲ್ಲಿ ನಡುವೆ 62 ಇದ್ದಾಗ ಬೀರು ಹಿಂದೆ 84 ಇತ್ತು. ಬೂಷ್ಟು ಬರುವುದು ಅಲ್ಲಿಂದ.

---

ಬೀಗದಕೈ:

ಊದುಬತ್ತಿ ಪರೀಕ್ಷೆ ಮಾಡಿದೆ. ಹೊಗೆ ಚೆದುರಿದ್ದು ಮಾತ್ರವಲ್ಲ, ಬೂದಿಯೂ ಹಾರಿತು. ಬಡಗಿಯವರಿಗೆ ದೊಡ್ಡ ನಮಸ್ಕಾರ.

ಆದರೆ ವಾರಗಟ್ಟಲೆ ಮಳೆ ಹಿಡಿದರೆ? ಆಗ ಹೊರಗಿನ ಗಾಳಿಯೇ 90ರ ಮೇಲೆ ಇರುತ್ತದಲ್ಲ. ಗ್ಯಾಸ್ ಹೀಟರ್ ಒಂದು ಗಂಟೆ ಹಚ್ಚಿ ಒಣಗಿಸಿ ಬಂದರೆ ಹೇಗೆ?

---

ತೇವಮಾಪಕ:

ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರ್ ಬೇಡವೇ ಬೇಡ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋಗಿಂತ ಜಾಸ್ತಿ ನೀರು ಆವಿಯಾಗಿ ಕೋಣೆಗೇ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಪಾಯ ಬೇರೆ.

ಗಾಳಿಯನ್ನು ಒಳಗೆ ಬಿಡುವ ಮೊದಲು ತುಸು ಬಿಸಿ ಮಾಡಿ. 20 ಡಿಗ್ರಿಯ, 90 ಇರುವ ಗಾಳಿಯನ್ನು 25 ಡಿಗ್ರಿಗೆ ಏರಿಸಿದರೆ ತೇವದ ಮಟ್ಟ 66ಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಆದರೆ ಬಿಸಿಗಾಳಿಗೆ ಹೊಟ್ಟೆ ದೊಡ್ಡದು. ನಾನು ಬಿಸಿಲು ಬೀಳುವ ಗೋಡೆಗೆ ಹೊರಗಿನಿಂದ ಒಂದು ಮರದ ಪೆಟ್ಟಿಗೆ ಹೊಡೆದೆ. ಒಳಗೆ ಕಪ್ಪು ಬಳಿದ ತಗಡು, ಮೇಲೆ ಹಳೆ ಕಿಟಕಿಯ ಗಾಜು. ಗಾಳಿ ಕೆಳಗಿನ ಜಾಲರಿಯಿಂದ ಪೆಟ್ಟಿಗೆಗೆ ಬಂದು, ಕಾದು, ಮೇಲೆ ಫ್ಯಾನಿನ ಮೂಲಕ ಒಳಗೆ ಹೋಗುತ್ತದೆ. ಮೋಡ ಕವಿದ ದಿನ ಕೆಲಸ ಕಮ್ಮಿ. ನಡುವೆ ಎರಡು ಗಂಟೆ ಬಿಸಿಲು ಬಂದರೂ ಲಾಭವೇ.

---

ಹಳೇಬಡಗಿ:

ಬೀಗ ಹಾಕುವ ಮುಂಚೆ ಹಾಸಿಗೆಯನ್ನು ಗೋಡೆಗೆ ತಾಗದ ಹಾಗೆ ಪಕ್ಕೆಯ ಮೇಲೆ ನಿಲ್ಲಿಸಿ. ಬೀರು ಬಾಗಿಲು, ಡ್ರಾಯರು ಎಲ್ಲ ತೆರೆದಿರಲಿ. ಕಂಬಳಿ, ಬಟ್ಟೆ ಮಾತ್ರ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಿ. ನಿಮ್ಮ ಆ ತೇವ ಹೀರುವ ಪುಡಿಗೆ ಸರಿಯಾದ ಜಾಗ ಅದೇ, ಆದರೆ ನೀರಾಗುವ ಜಾತಿ ಬೇಡ, ಸಿಲಿಕಾ ಜೆಲ್ ಹಾಕಿ. ಸಿಂಕಿನ ಪೈಪಿನ ಬಾಗಿನಲ್ಲಿ ನಿಂತ ನೀರು ಆರಿದರೆ ಗುಂಡಿ ವಾಸನೆ ಮೇಲೆ ಬರುತ್ತದೆ. ಹೊರಡುವಾಗ ಒಂದು ಲೋಟ ನೀರು ಹೊಯ್ದು ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿಕೊಂಡಿದ್ದರೆ ನೀರು ಬೇಗ ಆರುವುದಿಲ್ಲ.

---

ಬೀಗದಕೈ:

ಒಂಬತ್ತು ವಾರದ ನಂತರ ಬರೆಯುತ್ತಿದ್ದೇನೆ. ಶೀಟ್ ಹಾಸಲು ಹೊಟ್ಟೆ ಮೇಲೆ ತೆವಳಿ ಒಂದು ಇಡೀ ದಿನ ಹೋಯಿತು, ಬೆನ್ನು ಇನ್ನೂ ನೆನಪಿಸುತ್ತಿದೆ. ಫ್ಯಾನ್ ತಿರುಗಿಸಿದೆ, ಪೆಟ್ಟಿಗೆಯನ್ನೂ ಹೊಡೆದೆ. ಮಧ್ಯೆ ಮೂರು ವಾರ ಮಳೆ ಇತ್ತು.

ನಿನ್ನೆ ಬಾಗಿಲು ತೆಗೆದೆ. ಮೀಟರ್ ಕೋಣೆಯ ನಡುವೆ 58, ಬೀರು ಹಿಂದೆ 67. ಬೆಲ್ಟನ್ನು ಒರೆಸಿ ಬೇಕಂತಲೇ ಅದೇ ಮೊಳೆಗೆ ಹಾಕಿ ಹೋಗಿದ್ದೆ. ಬೂಷ್ಟು ಇಲ್ಲ, ಬಕಲ್ ಹತ್ತಿರ ಒಂದು ಚುಕ್ಕೆ ಬಿಟ್ಟರೆ. ಹಾಸಿಗೆ ಮೇಲೆ ಹೊಸ ಕಲೆ ಇಲ್ಲ.

ಈಗ ಒಳಗೆಲ್ಲ ಕಾದ ಕಪ್ಪು ಪೇಂಟಿನ ವಾಸನೆ. ತೇವಮಾಪಕರೇ, ನಿಮ್ಮ ಪೆಟ್ಟಿಗೆಗೆ ಯಾವ ಪೇಂಟ್ ಹಾಕಿದ್ದಿರಿ?

---

ತೇವಮಾಪಕ:

ಸ್ಟೌ, ಸೈಲೆನ್ಸರುಗಳಿಗೆ ಹೊಡೆಯುವ ಶಾಖ ತಡೆಯುವ ಮ್ಯಾಟ್ ಕಪ್ಪು. ಒಳಗೆ ಕೂರಿಸುವ ಮೊದಲು ತಗಡನ್ನು ಒಂದು ವಾರ ಬಿಸಿಲಲ್ಲಿ ಒಣಗಿಸಬೇಕಿತ್ತು. ಹೇಳುವುದು ಮರೆತೆ, ಕ್ಷಮಿಸಿ.