ತಿಪ್ಪೆಯಲ್ಲಿ ಸಿಕ್ಕ ಕುರುವಾಯಿ ಮರಿಹುಳುಗಳನ್ನು ಯಾವುದರಲ್ಲಿ ಸಾಕಬೇಕು?

ಪ್ರಶ್ನೆ (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಹೊಲದ ತಿಪ್ಪೆ ತೋಡುವಾಗ ಹೆಬ್ಬೆರಳು ದಪ್ಪದ, ಕಂದು ತಲೆಯ ಬಿಳಿ ಹುಳುಗಳು ಸುರುಳಿ ಸುತ್ತಿಕೊಂಡಿರುವುದು ಕಂಡಿತು. ಅವು ಕುರುವಾಯಿ ದುಂಬಿಯ (ತಲೆಯ ಮೇಲೆ ಕೊಂಬಿರುವ ದೊಡ್ಡ ಕಪ್ಪು ದುಂಬಿ) ಮರಿಗಳೆಂದು ತಿಳಿದಮೇಲೆ, ದುಂಬಿಯಾಗುವವರೆಗೂ ಸಾಕೋಣ ಎಂದು ಮಗಳು ಹಟ ಹಿಡಿದಿದ್ದಾಳೆ. ಎರೆಮಣ್ಣು, ತೊಗರಿ ಹೊಟ್ಟು, ಕಟ್ಟಿಗೆ ಅಡ್ಡೆಯ ಪುಡಿ, ಇವುಗಳಲ್ಲಿ ಡಬ್ಬಿಗೆ ಯಾವುದು ಸೂಕ್ತ?

ಉತ್ತರ (ಬೀದರ್):
ಸರ್, ಈ ಹುಳುಗಳಿಗೆ ಹಾಸಿಗೆಯೂ ಆಹಾರವೂ ಒಂದೇ ಆಗಿರುವುದರಿಂದ ಬರೀ ಮಣ್ಣಿನಲ್ಲಿಟ್ಟರೆ ಅವು ಹಸಿದು ಸೊರಗುತ್ತವೆ. ಅದರಲ್ಲೂ ಎರೆಮಣ್ಣು ಒದ್ದೆಯಾದರೆ ಅಂಟಾಗಿ, ಒಣಗಿದರೆ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ. ಹಸಿ ಹೊಟ್ಟು ಡಬ್ಬಿಯಲ್ಲೇ ಹುದುಗಿ ಬಿಸಿಯೇರುತ್ತದೆ. ಅಡ್ಡೆಯ ಪುಡಿಯಲ್ಲಿ ಗೆದ್ದಲೂ ಸುಲಭವಾಗಿ ಮುಟ್ಟದ ಸಾಗವಾನಿ ಸೇರಿರಬಹುದು. ಹುಳು ಸಿಕ್ಕ ತಿಪ್ಪೆಯ ತಳದ ಗೊಬ್ಬರವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಉತ್ತಮ. ಅದು ಕಪ್ಪಾಗಿ, ಪುಡಿಪುಡಿಯಾಗಿ, ಸಗಣಿ ವಾಸನೆ ಪೂರ್ತಿ ಹೋಗಿ ಮಳೆಬಿದ್ದ ನೆಲದ ವಾಸನೆ ಬರುವಂತಿರಬೇಕು. ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಕೊಳೆತ ಮಾವಿನ ಕಟ್ಟಿಗೆಯನ್ನು ಅದರ ಅರ್ಧದಷ್ಟು ಬೆರೆಸಿ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ನಿಲ್ಲಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಕೆಳಭಾಗವನ್ನು ಅದುಮಿ, ಮೇಲ್ಭಾಗವನ್ನು ಸಡಿಲವಾಗಿ ಬಿಟ್ಟು, ಒಟ್ಟು ಒಂದು ಗೇಣು ಆಳ ತುಂಬಿ. ಕೋಶವಾಗುವ ಹೊತ್ತಿಗೆ ಅವು ಆ ಗಟ್ಟಿ ಪದರದಲ್ಲೇ ಗೂಡು ಮಾಡಿಕೊಳ್ಳುತ್ತವೆ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ತಗಡಿನ ಮಾಳಿಗೆಯ ಕೆಳಗೆ ಇಡಲೇಬೇಡಿ.

ಉತ್ತರ (ಯಾದಗಿರಿ):
ಮೇಲಿನವರ ಮಾತಿಗೆ ಒಂದು ಮುಖ್ಯ ಸಂಗತಿ ಸೇರಿಸುತ್ತೇನೆ. ದನಕ್ಕೆ ಜಂತು, ಉಣ್ಣೆಗಳಿಗಾಗಿ ಐವರ್ಮೆಕ್ಟಿನ್ ಚುಚ್ಚಿಸಿದ್ದರೆ ಆ ಔಷಧ ಸಗಣಿಯಲ್ಲೂ ಹೊರಬೀಳುತ್ತದೆ, ಅದು ಹುಳುಗಳಿಗೆ ವಿಷ. ಬೇವಿನ ಎಲೆ, ಹಿಂಡಿ ಬಿದ್ದ ಗೊಬ್ಬರವನ್ನೂ ದಯವಿಟ್ಟು ಬಳಸಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತಿಪ್ಪೆಯ ಒಂದು ಬದಿಗೆ ಮಾತ್ರ ಬೇವಿನ ಎಲೆ ಬೀಳುತ್ತದೆ, ಇನ್ನೊಂದು ಬದಿಯದನ್ನು ತರುತ್ತೇನೆ. ಗೊಬ್ಬರವನ್ನು ಯಾವಾಗ ಬದಲಿಸಬೇಕು?

ಉತ್ತರ (ಬೀದರ್):
ಮೇಲ್ಪದರದಲ್ಲಿ ಚಪ್ಪಟೆ ಹಿಕ್ಕೆಗಳೇ ಹೆಚ್ಚಾಗಿ ಕಂಡಾಗ ಜರಡಿ ಹಿಡಿದು ಅವನ್ನು ತೆಗೆಯಿರಿ, ಅರ್ಧ ಹಳೆಯದನ್ನು ಉಳಿಸಿಕೊಂಡು ಅರ್ಧ ಹೊಸದನ್ನು ಸೇರಿಸಿ. ಹುಳುಗಳೆಲ್ಲ ಮೇಲೆ ಬಂದು ಹರಿದಾಡತೊಡಗಿದರೆ ಒಳಗೆ ಬಿಸಿಯೋ ನೀರೋ ಹೆಚ್ಚಾಗಿದೆ ಎಂದು ತಿಳಿದು ಕೂಡಲೇ ನೋಡಿ. ಸತ್ತ ಹುಳುವಿನ ಮೈಮೇಲೆ ಹಸಿರು ಬೂಷ್ಟು ಕಂಡರೆ ಅದು ಹುಳುಗಳಿಗೆ ತಗಲುವ ಶಿಲೀಂಧ್ರ ರೋಗ. ಉಳಿದವನ್ನು ಬೇರೆ ಡಬ್ಬಿಗೆ ಹಾಕಿ, ಆ ಗೊಬ್ಬರವನ್ನು ಮತ್ತೆ ಬಳಸಬೇಡಿ. ಹುಳು ಹಳದಿಗೆ ತಿರುಗಿ ತಿನ್ನುವುದನ್ನು ಬಿಟ್ಟಮೇಲೆ ಡಬ್ಬಿಯನ್ನು ಕೆದಕದಂತೆ ಮಗಳಿಗೆ ಹೇಳಿ, ಗೂಡು ಒಡೆದರೆ ದುಂಬಿಯ ರೆಕ್ಕೆ ಸೊಟ್ಟಗಾಗಬಹುದು.