ಚಿಕ್ಕಪ್ಪನ ಹಳೆಯ ಕಂಪ್ಯೂಟರ್ ಮತ್ತು ಅದರ ಗಡಿಯಾರದ ಸೆಲ್

ಚಿಕ್ಕಪ್ಪಾ, ನಮಸ್ಕಾರ. ಹಳೆಯ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟೂ ತೆರೆಯುತ್ತಿಲ್ಲ, ಮೊಬೈಲಿನಲ್ಲಿ ಮಾತ್ರ ಮನೆಯ ನೆಟ್ ಚೆನ್ನಾಗಿ ನಡೆಯುತ್ತಿದೆ, ಪೇಟೆಯ ಅಂಗಡಿಯವರು ‘ಇದರ ಕಾಲ ಮುಗಿಯಿತು, ಹೊಸದು ತೆಗೆದುಕೊಳ್ಳಿ’ ಎಂದರು ಎಂದು ನಿನ್ನೆ ನೀವು ಗುಂಪಿನಲ್ಲಿ ಬರೆದಿದ್ದಿರಿ. ಅದಕ್ಕೆ ಭಾವ, ಒಮ್ಮೆ ಫಾರ್ಮ್ಯಾಟ್ ಮಾಡಿಸಿ ನೋಡಿ ಎಂದಿದ್ದಾರೆ. ಸದ್ಯಕ್ಕೆ ಎರಡೂ ಬೇಡ. ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಪರದೆಯ ಬಲಭಾಗದ ಕೆಳಮೂಲೆಯಲ್ಲಿ ದಿನಾಂಕ 01-01-2009 ಎಂದಿದೆ. ನಡುವೆ ಕ್ರೋಮ್ ಇಂಗ್ಲಿಷಿನಲ್ಲಿ ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ದೊಡ್ಡ ಅಕ್ಷರಗಳಲ್ಲಿ ತೋರಿಸುತ್ತಿದೆ. ಟೈಪ್ ಮಾಡುವುದಕ್ಕಿಂತ ಹೇಳುವುದು ಸುಲಭವೆಂದು ಧ್ವನಿ ಸಂದೇಶ ಕಳಿಸುತ್ತಿದ್ದೇನೆ, ಸ್ವಲ್ಪ ಉದ್ದವಾದೀತು, ಬಿಡುವಾದಾಗ ಕಂಪ್ಯೂಟರಿನ ಮುಂದೆ ಕುಳಿತು ಕೇಳಿ.

ಮೊದಲು ಒಂದು ಸಮಾಧಾನದ ವಿಷಯ. ಈ ಸಂದೇಶ ಪರದೆಯ ಮೇಲೆ ಬರಬೇಕಾದರೆ, ನೀವು ತೆರೆಯಲು ಹೊರಟ ವೆಬ್‌ಸೈಟಿನ ಪ್ರಮಾಣಪತ್ರ ನಿಮ್ಮ ಕಂಪ್ಯೂಟರಿನವರೆಗೆ ಬಂದು ತಲುಪಿರಲೇಬೇಕು. ಅಂದರೆ ಫೈಬರ್ ಲೈನ್, ಮೋಡೆಮ್, ಅಲ್ಲಿಂದ ಕಂಪ್ಯೂಟರಿಗೆ ಬರುವ ಕೇಬಲ್ ಎಲ್ಲವೂ ಸರಿಯಾಗಿಯೇ ಕೆಲಸ ಮಾಡುತ್ತಿವೆ. ಈಗಿನ ವೆಬ್‌ಸೈಟುಗಳೆಲ್ಲ ತಮ್ಮ ಗುರುತಿಗಾಗಿ ಇಂತಹ ಪ್ರಮಾಣಪತ್ರವನ್ನು ತೋರಿಸುತ್ತವೆ. ಬಸ್ ಪಾಸಿನಂತೆ ಅದಕ್ಕೂ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರ್ ಇನ್ನೂ 2009ರ ಜನವರಿ ಎಂದೇ ನಂಬಿಕೊಂಡಿರುವುದರಿಂದ, ಈ ವರ್ಷ ಕೊಟ್ಟ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಜಾರಿಗೇ ಬಂದಿಲ್ಲ. ಹಾಗಾಗಿ ಬ್ರೌಸರ್ ಬಾಗಿಲು ಹಾಕಿಬಿಡುತ್ತದೆ. ಬಹುತೇಕ ಎಲ್ಲ ವೆಬ್‌ಸೈಟುಗಳೂ ಈಗ ಇದೇ ಕ್ರಮದಲ್ಲಿ ನಡೆಯುವುದರಿಂದ, ನೋಡುವವರಿಗೆ ನೆಟ್ಟೇ ಇಲ್ಲವೆಂಬಂತೆ ಕಾಣುತ್ತದೆ.

ಹಾಗಾದರೆ ದಿನಾಂಕ ಏಕೆ ಹಿಂದಕ್ಕೆ ಹೋಯಿತು? ಕಂಪ್ಯೂಟರಿನೊಳಗೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಚಿಕ್ಕ ಸೆಲ್ ಇರುತ್ತದೆ. ಗೋಡೆಯಿಂದ ಕರೆಂಟ್ ಬರುತ್ತಿರುವಾಗ, ಕಂಪ್ಯೂಟರ್ ಆಫ್ ಆಗಿದ್ದರೂ, ಒಳಗಿನ ಗಡಿಯಾರಕ್ಕೆ ಆ ಕರೆಂಟೇ ಸಾಕಾಗುತ್ತದೆ. ಗೋಡೆಯ ಸ್ವಿಚ್ ಆರಿಸಿದ ಮೇಲೆ ಆ ಸೆಲ್ಲೊಂದೇ ಆಧಾರ. ನಮ್ಮ ಮಲೆನಾಡಿನಲ್ಲಿ ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡುತ್ತೇವೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟೂ ಇರುವುದಿಲ್ಲ. ಆ ಹೊತ್ತೆಲ್ಲ ಗಡಿಯಾರ ಸೆಲ್ಲಿನ ಮೇಲೆಯೇ ನಡೆಯಬೇಕು, ಆದ್ದರಿಂದ ನಮ್ಮ ಕಡೆ ಅದು ಬೇಗ ಖಾಲಿಯಾಗುತ್ತದೆ. ಇಷ್ಟಾದರೂ ಸಿಡಿಲಿನ ಹೊತ್ತಿಗೆ ಪ್ಲಗ್ ಕೀಳುವ ಅಭ್ಯಾಸವನ್ನು ಖಂಡಿತ ಬಿಡಬೇಡಿ, ಮೋಡೆಮ್ಮಿನ ಪ್ಲಗ್ಗನ್ನೂ ಕಂಪ್ಯೂಟರಿಗೆ ಬರುವ ನೆಟ್ ಕೇಬಲ್ಲನ್ನೂ ಅದರ ಜೊತೆಗೇ ಕೀಳಿ. ಭಾವ ಹೇಳಿದಂತೆ ಫಾರ್ಮ್ಯಾಟ್ ಮಾಡಿಸಿದರೆ ಹಾರ್ಡ್ ಡಿಸ್ಕಿನಲ್ಲಿರುವ ನಿಮ್ಮ ಕಡತಗಳು ಹೋಗುತ್ತವೆಯೇ ಹೊರತು ಮದರ್‌ಬೋರ್ಡಿನ ಸೆಲ್ ತುಂಬುವುದಿಲ್ಲ.

ಈಗಲೇ ಒಂದು ಪರೀಕ್ಷೆ ಮಾಡಿ. ಪರದೆಯ ಮೂಲೆಯ ಸಮಯದ ಮೇಲೆ ಕ್ಲಿಕ್ ಮಾಡಿದರೆ ಒಂದು ಚಿಕ್ಕ ಕ್ಯಾಲೆಂಡರ್ ತೆರೆಯುತ್ತದೆ, ಅದರ ಕೆಳಗೆ ‘ಚೇಂಜ್ ಡೇಟ್ ಅಂಡ್ ಟೈಮ್ ಸೆಟ್ಟಿಂಗ್ಸ್’ ಎಂದು ಇರುತ್ತದೆ. ಅಲ್ಲಿ ಇಂದಿನ ದಿನ, ತಿಂಗಳು, ಮುಖ್ಯವಾಗಿ ವರ್ಷ ಹಾಕಿ, ಬೆಳಿಗ್ಗೆ ಸಂಜೆ ಅದಲುಬದಲಾಗದಂತೆ ಎಎಂ, ಪಿಎಂ ನೋಡಿಕೊಳ್ಳಿ. ಟೈಮ್ ಜೋನ್ ಇರುವಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂಬ ಸಾಲು, ಅಂದರೆ 5:30 ಗಂಟೆ ಮುಂದೆ ಎಂಬುದೇ ಇರಬೇಕು. ವಿಂಡೋಸ್ ತಾನೇ ನೆಟ್ ಮೂಲಕ ಸಮಯ ಸರಿಮಾಡಿಕೊಳ್ಳುವ ವ್ಯವಸ್ಥೆಯೂ ಇದೆ, ಆದರೆ ವ್ಯತ್ಯಾಸ ವರ್ಷಗಟ್ಟಲೆ ಇದ್ದಾಗ ಅದು ಒಪ್ಪಿಕೊಳ್ಳುವುದಿಲ್ಲ, ದಿನಾಂಕವನ್ನು ಮೊದಲು ಕೈಯಿಂದಲೇ ಹಾಕಬೇಕು. ಆಮೇಲೆ ಕ್ರೋಮನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ವೆಬ್‌ಸೈಟುಗಳು ತೆರೆದು, ಮರುದಿನ ಪ್ಲಗ್ ಹಾಕಿ ಆನ್ ಮಾಡಿದಾಗ ಮತ್ತೆ 2009 ಕಂಡರೆ, ಸೆಲ್ ಸತ್ತಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಆ ಸೆಲ್ಲಿನ ಹೆಸರು ಸಿಆರ್ 2032. ಅದು ಮೂರು ವೋಲ್ಟಿನದು. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಆ ಸಂಖ್ಯೆಯ ಅರ್ಥವೇ ಇದು. ವಾಚ್ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. 2025 ಎಂದು ಬರೆದಿರುವುದನ್ನು ಕೊಟ್ಟರೆ ತರಬೇಡಿ, ಅದು ತೆಳುವಾದದ್ದು, ಸೆಲ್ ಕೂರುವ ಜಾಗದಲ್ಲಿ ಸಡಿಲವಾಗುತ್ತದೆ. ಹಾಕುವಾಗ ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಹಿಡಿದು, ಸಿಪಿಯು ಡಬ್ಬದ ಪಕ್ಕದ ಮುಚ್ಚಳವನ್ನು ಬಿಚ್ಚಿ. ಡಬ್ಬದ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಿ, ಬಳಿಕ ಸೆಲ್ಲಿನ ಅಂಚಿನಲ್ಲಿರುವ ಚಿಕ್ಕ ಕೊಕ್ಕೆಯನ್ನು ಉಗುರಿನಿಂದ ಹಿಂದಕ್ಕೆ ತಳ್ಳಿದರೆ ಸೆಲ್ ತಾನೇ ಮೇಲಕ್ಕೆ ಏಳುತ್ತದೆ. ಹೊಸದನ್ನು ಅಕ್ಷರವೂ ಪ್ಲಸ್ ಗುರುತೂ ಇರುವ ಮುಖ ಮೇಲೆ ಬರುವಂತೆ ಕೂರಿಸಿ. ಹಳೆಯ ಸೆಲ್ಲನ್ನು ಮಾತ್ರ ಮೇಜಿನ ಮೇಲೆ ಬಿಡಬೇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ, ಇದನ್ನು ನುಂಗಿದರೆ ಸ್ವಲ್ಪ ಹೊತ್ತಿನಲ್ಲೇ ಅನ್ನನಾಳ ಸುಡುತ್ತದೆ. ತೆಗೆದ ಕೂಡಲೇ ಟೇಪ್ ಸುತ್ತಿ ಮೇಲಿನ ಶೆಲ್ಫಿನಲ್ಲಿಡಿ ಎಂದು ಚಿಕ್ಕಮ್ಮನಿಗೂ ಹೇಳಿ.

ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಎಂಬ ಸೂಚನೆ ಬರಬಹುದು. ಗಾಬರಿಯಾಗಬೇಡಿ, ಒತ್ತಿ ಮುಂದುವರಿದು ದಿನಾಂಕವನ್ನು ಇನ್ನೊಮ್ಮೆ ಸರಿಮಾಡಿ.

ಇಷ್ಟಾದ ಮೇಲೂ ಏನೂ ತೆರೆಯದಿದ್ದರೆ ಮಾತ್ರ ಕೇಬಲ್ಲಿನ ಕಡೆ ನೋಡೋಣ. ಕಂಪ್ಯೂಟರಿನ ಹಿಂದೆ ನೆಟ್ ಕೇಬಲ್ ಸಿಕ್ಕಿಸುವ ಜಾಗದಲ್ಲಿ ಚಿಕ್ಕ ದೀಪ ಮಿನುಗುತ್ತಿರಬೇಕು. ದೀಪ ಉರಿಯುತ್ತಿದ್ದರೆ ಸ್ಟಾರ್ಟ್ ಒತ್ತಿ ಸಿಎಂಡಿ ಎಂದು ಟೈಪ್ ಮಾಡಿ, ತೆರೆಯುವ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆದು ಎಂಟರ್ ಕೊಟ್ಟು, ಫೋಟೋ ಕಳಿಸಿ. ಅಲ್ಲಿ 169.254 ಎಂದು ಆರಂಭವಾಗುವ ಸಂಖ್ಯೆ ಇದ್ದರೆ ನೆಟ್ ನಡೆಯಲು ಕಂಪ್ಯೂಟರಿಗೆ ಬೇಕಾದ ಐಪಿ ವಿಳಾಸ ಮೋಡೆಮ್ಮಿನಿಂದ ಸಿಕ್ಕಿಲ್ಲವೆಂದು ಅರ್ಥ. ಇನ್ನೊಂದು ಮಾತು, ‘ನಿಮ್ಮ ಕಂಪ್ಯೂಟರ್ ರಿಪೇರಿ ಮಾಡುತ್ತೇವೆ’ ಎಂದು ಯಾವ ಜಾಹೀರಾತು ಬಂದರೂ ಒತ್ತಬೇಡಿ, ಆ ನಂಬರುಗಳಿಗೆ ಕರೆ ಮಾಡಬೇಡಿ.

ಅಂಗಡಿಯವರ ಮಾತಿನಲ್ಲಿ ಒಂದಂಶ ನಿಜ, ಅದನ್ನೂ ಹೇಳಬೇಕು. ನಿಮ್ಮದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. 2023ರ ಆರಂಭದಲ್ಲಿ ಬಂದ ಕ್ರೋಮ್ 109ರ ನಂತರದ ಯಾವ ಆವೃತ್ತಿಯೂ ಅದರ ಮೇಲೆ ನಡೆಯುವುದಿಲ್ಲ. ಪತ್ರಿಕೆ ಓದಲು, ಅಡಿಕೆ ಧಾರಣೆ ನೋಡಲು, ಪಹಣಿ ತೆಗೆದು ಪ್ರಿಂಟ್ ಹಾಕಲು ಅದು ಇನ್ನೂ ಸಾಕು. ಬ್ಯಾಂಕಿನ ವ್ಯವಹಾರ, ಪಾಸ್‌ವರ್ಡ್, ಓಟಿಪಿ ಬೇಕಾಗುವ ಯಾವುದನ್ನೂ ದಯವಿಟ್ಟು ಅದರಲ್ಲಿ ಮಾಡಬೇಡಿ, ಅದಕ್ಕೆ ಮೊಬೈಲೇ ಇರಲಿ. ಈ ಒಂದು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ, ಏಕೆಂದರೆ ಹೊಸದಾಗಿ ಪತ್ತೆಯಾಗುವ ದೋಷಗಳನ್ನು ಮುಚ್ಚುವವರು ಆ ಯಂತ್ರಕ್ಕೆ ಈಗ ಯಾರೂ ಇಲ್ಲ.

ಕೊನೆಯದಾಗಿ ನಿಮ್ಮ ತೋಟದ ಲೆಕ್ಕಗಳು. ಸೆಲ್ ಬದಲಿಸಿದರೆ ಅವಕ್ಕೆ ಏನೂ ಆಗುವುದಿಲ್ಲ, ಆದರೆ ಇಷ್ಟು ಹಳೆಯ ಹಾರ್ಡ್ ಡಿಸ್ಕನ್ನು ನಂಬಿಕೊಂಡು ಕೂರಬಾರದು. ಎಲ್ಲವನ್ನೂ ನೀವು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೀರಿ. ಆ ಹಳೆಯ ಕಡತಗಳನ್ನು ನುಡಿಯ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಲೆಕ್ಕದ ಫೋಲ್ಡರಿನ ಜೊತೆಗೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಎಂಬಲ್ಲಿಂದ ನುಡಿಯ ಹೆಸರಿನಿಂದ ಆರಂಭವಾಗುವವುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಊರಿಗೆ ಬಂದಾಗ ಎಲ್ಲವನ್ನೂ ಈಗ ಎಲ್ಲೆಡೆ ಬಳಸುವ ಅಕ್ಷರ ಪದ್ಧತಿಯಾದ ಯೂನಿಕೋಡಿಗೆ ಬದಲಿಸಿಕೊಡುತ್ತೇನೆ, ಆಮೇಲೆ ಮೊಬೈಲಿನಲ್ಲಿಯೂ ಓದಬಹುದು.