ಅಪ್‌ಡೇಟ್: ಹಾರ್ಮೋನ್ ಶುರು ಮಾಡೋಕೆ ದಾರಿ ಸಿಕ್ತು

ಹೋದ ತಿಂಗಳು ಕೇಳಿದ್ದೆ: ನಾನು ಟ್ರಾನ್ಸ್ ಮಹಿಳೆ, ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿದ್ದೇನೆ, ಹಾರ್ಮೋನ್ ಚಿಕಿತ್ಸೆಗೆ ಯಾರ ಹತ್ತಿರ ಮೊದಲು ಹೋಗಲಿ ಅಂತ. ಹಲವು ಸಲಹೆ ಬಂದವು.

ಮನೆ ಹತ್ತಿರದ ಡಾಕ್ಟರನ್ನು ಕೇಳಿದ್ದು ಉಪಯೋಗವಾಗಲಿಲ್ಲ. ತಲೆ ಎತ್ತದೆ "ನನಗೆ ಗೊತ್ತಿಲ್ಲ" ಅಂದರು. ತುಂಬಾ ನೋವಾಯಿತು. ಮೆಡಿಕಲ್‌ನಿಂದ ಗರ್ಭನಿರೋಧಕ ಗುಳಿಗೆ ತಗೊಳ್ಳೋ ಸಲಹೆಯನ್ನಂತೂ ದಯವಿಟ್ಟು ಯಾರೂ ಪಾಲಿಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿನೈಲ್ ಎಸ್ಟ್ರಾಡಯೋಲ್ ಅನ್ನೋ ಹಾರ್ಮೋನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ.

ಕೆಲಸಕ್ಕೆ ಬಂದಿದ್ದು "ನೇರ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗು" ಅಂದ ಅಕ್ಕನ ಮಾತು. ಲೋಕಲ್ ಹಿಡಿದು ಪರೇಲ್‌ಗೆ ಹೋದೆ, ಜೊತೆಗೆ ಅಮ್ಮ. ಕೇಸ್ ಪೇಪರ್‌ನಲ್ಲಿ ಹಳೇ ಹೆಸರೇ ಇತ್ತು. ಡಾಕ್ಟರ್ ಅದನ್ನು ಪಕ್ಕಕ್ಕಿಟ್ಟು, ಏನಂತ ಕರೀಲಿ ಅಂತ ಮರಾಠಿಯಲ್ಲಿ ಕೇಳಿದರು. ಹೇಳಿದೆ. ಅಮ್ಮ ಆ ಹೆಸರನ್ನು ಮೆಲ್ಲಗೆ ತಾನೂ ಒಮ್ಮೆ ಹೇಳಿಕೊಂಡರು.

ಸೈಕಿಯಾಟ್ರಿಸ್ಟ್ ಪತ್ರ ತರಲು ಹೇಳಿದ್ದಾರೆ. ಲಿವರ್, ಸಕ್ಕರೆ, ಕೊಬ್ಬು, ಟೆಸ್ಟೋಸ್ಟೆರಾನ್‌ಗೆಲ್ಲ ರಕ್ತ ಕೊಟ್ಟಾಯಿತು. ಟೆಸ್ಟೋಸ್ಟೆರಾನ್ ಪರಿಣಾಮ ತಡೆಯೋ ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ಕೊಟ್ಟರೆ ಪೊಟ್ಯಾಸಿಯಂ ಕೂಡ ಆಗಾಗ ನೋಡಬೇಕಂತೆ.

ನನಗೆ ಗೊತ್ತೇ ಇರಲಿಲ್ಲ: ಹಾರ್ಮೋನ್‌ನಿಂದ ದನಿ ಬದಲಾಗಲ್ಲ, ಅದಕ್ಕೆ ಬೇರೆ ಅಭ್ಯಾಸ ಬೇಕು. ಗಡ್ಡವೂ ಹೋಗಲ್ಲ, ಲೇಸರ್ ಮಾಡಿಸಬೇಕು. ಎದೆ ಬೆಳೆಯೋಕೆ ಶುರುವಾಗೋದೇ 3ರಿಂದ 6 ತಿಂಗಳಿಗೆ, ಪೂರ್ತಿಯಾಗೋಕೆ 2-3 ವರ್ಷ. ಮುಂದೆ ಸ್ವಂತ ಮಗು ಬೇಕು ಅನ್ನಿಸಬಹುದಾದರೆ ವೀರ್ಯವನ್ನು ಮೊದಲೇ ಫ್ರೀಜ್ ಮಾಡಿಸಿಡಬೇಕು. ಇದನ್ನು ಯಾರೂ ಹೇಳಿರಲಿಲ್ಲ, ಹಾಗಾಗಿ ನಾನು ಹೇಳ್ತಿದ್ದೇನೆ. ನಾನೂ ಅದನ್ನು ಮುಗಿಸಿಯೇ ಗುಳಿಗೆ ಶುರು ಮಾಡ್ತೇನೆ. ಮುಂದಿನ ಮಂಗಳವಾರ ಮತ್ತೆ ಪರೇಲ್. ಅಮ್ಮನೂ ಬರ್ತಾರೆ.